ಕಾಶವ್ವನ ಬಚ್ಚಲಿಗೆ ಬಿಸಿನೀರು

ನಮ್ಮ ಊರಿಗೆ ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಬರುವುದಿಲ್ಲ. ನಾನು ಹುಟ್ಟುವ ಮೊದಲು ಒಬ್ಬ, ಊರ ರೀತಿ ಗೊತ್ತಿಲ್ಲದೆ, ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಬಂದಿದ್ದನಂತೆ. ಹೆಂಗಸರು ಅವನನ್ನು ಕೂಡಿಸಿ, ಚಹಾ ಕುಡಿಸಿ, ರೊಟ್ಟಿ ಊಟ ಮಾಡಿಸಿ, ಬಂದ ದಾರಿಯಲ್ಲೇ ವಾಪಸು ಕಳಿಸಿದರಂತೆ. ಕಳಿಸುವ ಮುಂಚೆ ಅವನ ಮೈಮೇಲಿದ್ದ ಹಳೆಯ ಕೋಟನ್ನು ಬಿಚ್ಚಿಸಿಕೊಂಡು, ಅದಕ್ಕೆ ಬದಲಾಗಿ ತಮ್ಮದೇ ಎರಡು ಹಿತ್ತಾಳೆ ತಂಬಿಗೆ ಕೊಟ್ಟರಂತೆ. ಆ ಕೋಟು ಈಗಲೂ ಪೇಟೆ ಓಣಿಯ ತಿರುವಿನಲ್ಲಿ ಪೈಪಿನ ಮೇಲಿದೆ. ಸುತ್ತಿದವನು ನಮ್ಮಪ್ಪ.

ನಮ್ಮಲ್ಲಿ ಒಲೆಯ ಮೇಲೆ ಅನ್ನ ಬೇಯುತ್ತದೆ, ಸಾರು ಕುದಿಯುತ್ತದೆ, ಲಕ್ಷ್ಯ ತಪ್ಪಿದರೆ ಹಾಲೂ ಉಕ್ಕುತ್ತದೆ. ಜಳಕಕ್ಕೆಂದು ಇಟ್ಟ ನೀರು ಮಾತ್ರ ಎಷ್ಟು ಕಟ್ಟಿಗೆ ಸುಟ್ಟರೂ ಕಾಯುವುದಿಲ್ಲ. ಬಸ್ ಕಂಡಕ್ಟರಾಗಿದ್ದು ಈಗ ಮನೆಯಲ್ಲಿರುವ ವಿರೂಪಣ್ಣ, ನಮ್ಮ ಓಣಿಯ ದೊಡ್ಡ ತಲೆ, ಒಮ್ಮೆ ನೀರಿಗೆ ಮೋಸ ಮಾಡಲು ನೋಡಿದ. ಹಂಡೆಗೆ ಹುಣಸೆಹಣ್ಣು, ಉಪ್ಪು, ಕರಿಬೇವು ಹಾಕಿ, ಇದು ಸಾರು ಎಂದು ಹೆಂಡತಿಗೆ ಗಟ್ಟಿಯಾಗಿ ಹೇಳಿ ಒಲೆ ಹೊತ್ತಿಸಿದ. ನೀರು ಕುದಿಯಿತು. ಅವನು ಸಂತೋಷದಿಂದ ಜಳಕ ಮಾಡಿದ. ಆಮೇಲೆ ಎರಡು ದಿನ ಅವನು ಹೋದಲ್ಲೆಲ್ಲ ಮಂದಿಗೆ ಹಸಿವಾಗುತ್ತಿತ್ತು.

ಬಿಸಿನೀರು ಬರುವುದು ಗುಡ್ಡದ ಮೇಲಿನ ಬುಗ್ಗೆಯಿಂದ. ಅಲ್ಲಿ ಅದು ಕೈ ಇಡಲಾಗದಷ್ಟು ಬಿಸಿ. ಅಲ್ಲಿಂದ ದೊಡ್ಡ ಪೈಪು ಊರೊಳಗೆ ಇಳಿಯುತ್ತದೆ, ಓಣಿಗೊಂದು ಕವಲು, ಮನೆಗೊಂದು ಕವಲು. ಆ ಪೈಪಿಗೆ ತೆಂಗಿನ ನಾರು ಸುತ್ತಿ, ಹುಲ್ಲು ಸುತ್ತಿ, ದೂರದ ಪೇಟೆಯಿಂದ ತರಿಸಿದ ರಬ್ಬರು ಸುತ್ತಿ, ಬಚ್ಚಲಿಗೆ ಬರುವಷ್ಟರಲ್ಲಿ ಅದು ಹಳ್ಳದ ನೀರೇ. ಬುಗ್ಗೆಯಿಂದಾಗಲಿ ಪಕ್ಕದ ಮನೆಯಿಂದಾಗಲಿ ಕೊಡದಲ್ಲಿ ಹೊತ್ತು ತಂದರೂ ಹೊಸ್ತಿಲಲ್ಲೇ ತಣ್ಣಗಾಗುತ್ತದೆ. ಮನುಷ್ಯರು ಉಟ್ಟು ತೊಟ್ಟು ಹಳೆಯದಾದ ಬಟ್ಟೆ ಸುತ್ತಿದರೆ ಮಾತ್ರ ಬುಗ್ಗೆಯ ಬಿಸಿ ಬಚ್ಚಲಿನವರೆಗೆ ಉಳಿಯುತ್ತದೆ. ಅದಕ್ಕೂ ಒಂದು ಕಟ್ಟಳೆ ಇದೆ. ಕೊನೆಯ ಸಲ ಮೈಮೇಲಿಂದ ಇಳಿದ ಬಟ್ಟೆ ಹಾಗೇ ಪೈಪಿಗೆ ಬರಬೇಕು, ನಡುವೆ ನೀರು ಸಾಬೂನು ಕಾಣಬಾರದು. ಒಗೆದು ತಂದರೆ ಅದು ಅಂಗಡಿಯಿಂದ ತಂದ ಹೊಸ ಬಟ್ಟೆಗೆ ಸಮ. ನಮ್ಮ ಊರಿನ ಮಕ್ಕಳಿಗೆ ಅಕ್ಷರ ಬರುವ ಮೊದಲೇ ಇದು ಗೊತ್ತಿರುತ್ತದೆ.

ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಬಂಗಾರಕ್ಕಿಂತ ಮೊದಲು ಟ್ರಂಕಿನಲ್ಲಿರುವ ಹಳೆ ಸೀರೆಗಳನ್ನು ವಿಚಾರಿಸುತ್ತಾರೆ. ಅಂಗಿಯ ಕಾಲರು ಹರಿದವನನ್ನು ಯಾರೂ ಕೀಳಾಗಿ ನೋಡುವುದಿಲ್ಲ, ಅವನ ಮನೆಯಲ್ಲಿ ಒಳ್ಳೆಯ ನೀರು ಬರುತ್ತದೆ ಎಂದು ತಿಳಿಯುತ್ತಾರೆ. ಗರಡಿಯ ಭರಮನಿಗೆ ಇದೇ ಒಂದು ಉದ್ಯೋಗ. ಬಟ್ಟೆ ಸಾಲದ ಮನೆಯವರು ಹೊಸ ಅಂಗಿ, ಹೊಸ ಲುಂಗಿ ತಂದು ಅವನಿಗೆ ಕೊಡುತ್ತಾರೆ. ಅವನು ಒಂದರ ಮೇಲೊಂದು ಅಂಗಿ ತೊಟ್ಟು, ಬಸ್ಕಿ ಹೊಡೆದು, ತಿಂಗಳೊಪ್ಪತ್ತಿನಲ್ಲಿ ಅವನ್ನು ಹಳೆಯದು ಮಾಡಿ ಕೊಡುತ್ತಾನೆ. ಆದರೆ ಅವನು ತೊಟ್ಟ ಬಟ್ಟೆಯ ಬಿಸಿ ಸ್ವಲ್ಪ ಒರಟು. ಸಾಲೆಯ ಪದ್ಮಾ ಟೀಚರು ತಮ್ಮ ಪೈಪಿಗೆ ಭರಮನ ಲುಂಗಿ ಸುತ್ತಿಸಿಕೊಂಡು, ನೀರು ಬಿಸಿ ಬಂದ ಮೊದಲ ದಿನವೇ ಅಂಗೈ ಸುಟ್ಟುಕೊಂಡರು.

ನನ್ನ ಹೆಸರು ತಿರಕಪ್ಪ. ಪೈಪು ಹಾಕುವುದೂ ನಾನೇ, ಅದಕ್ಕೆ ಬಟ್ಟೆ ಸುತ್ತುವುದೂ ನಾನೇ. ಸುತ್ತುವುದಕ್ಕೆ ನಮ್ಮಲ್ಲಿ ಉಡಿಸುವುದು ಎನ್ನುತ್ತಾರೆ. ಬಟ್ಟೆಯನ್ನು ಅಂಗೈಯಗಲ ಪಟ್ಟಿ ಹರಿದು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರುವಂತೆ ಬಿಗಿಯಾಗಿ ಸುತ್ತಬೇಕು. ನೇರ ಪೈಪನ್ನು ಯಾರಾದರೂ ಸುತ್ತುತ್ತಾರೆ, ಕಸುಬು ಗೊತ್ತಾಗುವುದು ತಿರುವಿನಲ್ಲಿ. ಬಿಸಿ ಓಡಿಹೋಗುವುದು ಅಲ್ಲಿಂದಲೇ. ಸುತ್ತಿದ ಮೇಲೆ ನನ್ನ ಹೆಂಡತಿ ಸಾಂವಕ್ಕ ಕೌದಿ ಹೊಲಿದಂತೆ ದಪ್ಪ ದಾರದಿಂದ ಹೊಲಿಯುತ್ತಾಳೆ. ಆಮೇಲೆ ನಾನು ಗೋಣಿತಟ್ಟು ಹಾಕಿ ಡಾಂಬರು ಬಳಿಯುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ಇವರು ಪೈಪಿಗೆ ಉಡಿಸಿದಷ್ಟು ಸೀರೆ ನನಗೆ ಉಡಿಸಿಲ್ಲ ಎಂದು ಅವಳು ಮಂದಿಯ ಮುಂದೆ ಹೇಳುತ್ತಾಳೆ. ನಾನು ಕೇಳಿಸದವನಂತೆ ಸೂಜಿಗೆ ದಾರ ಪೋಣಿಸಿ ಕೊಡುತ್ತೇನೆ.

ಆ ವರ್ಷ ಚಳಿ ಹಿಡಿಯುವ ಮುಂಚೆ ನಮ್ಮ ಓಣಿಯ ಕೊನೆಯ ಮನೆಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಬಹಳ ದಿನದಿಂದ ಬೀಗ ಬಿದ್ದಿದ್ದ ಮನೆ ಅದು. ಇಳಿದವರು ಕಾಶವ್ವ ಎಂಬ ಗಟ್ಟಿಮುಟ್ಟಾದ ಹೆಂಗಸು, ಅವಳ ಮಗ ಅಂದಾನಪ್ಪ, ಬಸುರಿ ಸೊಸೆ ಸುಲೋಚನಾ. ಅಂದಾನಪ್ಪ ಓಣಿಯ ಬಾಯಲ್ಲಿ, ಬಸ್ಸು ನಿಲ್ಲುವ ಕಡೆ, ಎಲೆ ಅಡಿಕೆಯ ಅಂಗಡಿ ಹಾಕುವವನಿದ್ದ. ಅವರ ಹಿಂದೆ ಪಾತ್ರೆಗಳು ಇಳಿದವು. ಹಂಡೆ, ಕೊಪ್ಪರಿಗೆ, ಬಕೆಟು, ಚರಿಗೆ, ಮುಚ್ಚಳ ಸಮೇತ ಡಬ್ಬಿಗಳು, ಎಲ್ಲವೂ ಹೊಸ ಸ್ಟೀಲು. ಬಿಸಿಲಿಗೆ ಓಣಿಯೆಲ್ಲ ಹೊಳೆಯಿತು. ನೋಡಲು ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಪೈಪಿನ ಅಳತೆಗೆ ಹೋದಾಗ ನಾನು ಹಳೆ ಬಟ್ಟೆಯ ಗಂಟು ಕೇಳಿದೆ. ಕಾಶವ್ವ ಹೆಮ್ಮೆಯಿಂದ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಹಂಡೆಯ ಮೇಲೆ ಕೈ ಇಟ್ಟಳು.

“ಇದು ನನ್ನ ಮದುವಿ ಸೀರಿ,” ಎಂದಳು. “ಈ ಎರಡು ಬಕೆಟ್ಟು ನಮ್ಮನಿಯವರ ಧೋತರ. ಆ ಡಬ್ಬಿ ಅದಾವಲ್ಲ, ಅವು ಅಂದಾನಿ ಸಣ್ಣಾಂವ ಇದ್ದಾಗಿನ ಅಂಗಿ. ಹೊಸಾ ಊರಿಗೆ ಹೊಂಟೀವಿ, ಹರಕ ಹೊತ್ಗೊಂಡ ಯಾಕ ಹೋಗೂದು ಅಂತ ಎಲ್ಲಾ ಕೊಟ್ಟು ಪಾತ್ರಿ ತಗೊಂಡ ಬಂದೆ.”

ಅಂದರೆ ಮೂರು ಜನರ ಮೈಮೇಲಿದ್ದದ್ದೂ ಹೊಸ ಬಟ್ಟೆ, ಟ್ರಂಕಿನಲ್ಲಿದ್ದದ್ದೂ ಹೊಸ ಬಟ್ಟೆ. ನಾನು ನಮ್ಮ ಊರಿನ ಕಟ್ಟಳೆ ಹೇಳಿದೆ. ಅವಳು ನಗುತ್ತ ಕೇಳಿದಳು. ನಾನು ಹೋದ ಮೇಲೆ ಹಂಡೆ ತುಂಬಿ ಒಲೆ ಹೊತ್ತಿಸಿದಳಂತೆ. ಸಂಜೆಯವರೆಗೆ ಕಟ್ಟಿಗೆ ಸುಟ್ಟು, ನೀರಲ್ಲಿ ಕೈ ಅದ್ದಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಕೂತಳಂತೆ. ಆಗ ಅವಳ ಮುಖದಲ್ಲಿ ನಗೆ ಇರಲಿಲ್ಲ ಎಂದು ಸಾಂವಕ್ಕ ಬಂದು ಹೇಳಿದಳು.

ಅದಕ್ಕೆ ಕಾರಣವಿತ್ತು. ಕಾಶವ್ವ ತನ್ನ ಊರಿನಲ್ಲಿ ಕೂಸುಗಳಿಗೆ ಎರೆಯುವಾಕೆ. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ, ಮಣೆಯ ಮೇಲೆ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಧೂಪದ ಹೊಗೆ ತೋರಿಸಿ ಮಲಗಿಸುವವರೆಗೆ ಎಲ್ಲ ಅವಳದೇ ಕೆಲಸ. ಮಂದಿಯ ಮಕ್ಕಳಿಗೆ ಎರೆದೂ ಎರೆದೂ ತನ್ನ ಮನೆಯ ಕೂಸಿಗಾಗಿ ಕಾದಿದ್ದಳು. ಸುಲೋಚನಾಗೆ ತಾಯಿ ಇಲ್ಲ, ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಮಾತೇ ಇರಲಿಲ್ಲ. ಅತ್ತೆಯ ಕೈ ನಂಬಿ ಬಂದಿದ್ದಳು. ಆದರೆ ನಮ್ಮ ಊರಿನ ಸೂಲಗಿತ್ತಿ ಖಾತೂನಬಿ ಒಂದು ವಿಷಯದಲ್ಲಿ ಬಹಳ ಗಟ್ಟಿ. ಬಿಸಿನೀರು ಬಾರದ ಮನೆಯಲ್ಲಿ ಅವಳು ಹೆರಿಗೆ ಮಾಡಿಸುವುದಿಲ್ಲ. ಅಂಥ ಮನೆಯ ಬಸುರಿಯನ್ನು ಸಂಜೆಯ ಬಸ್ಸಿನಲ್ಲಿ ಗುಡ್ಡದ ಕೆಳಗಿನ ದವಾಖಾನೆಗೆ ಕಳಿಸಿಬಿಡುತ್ತಾಳೆ. ಅಲ್ಲಿ ಹೆತ್ತವರು ಚಳಿಗಾಲ ಮುಗಿಯುವವರೆಗೆ ಕೂಸಿನೊಂದಿಗೆ ಅಲ್ಲೇ ಇರಬೇಕು, ಅತ್ತೆಯಂದಿರನ್ನು ಒಳಗೆ ಬಿಡುವುದಿಲ್ಲ.

ನಾನು ಪೈಪು ಹಾಕಿದೆ. ಓಣಿಯ ಬಾಯಲ್ಲಿ ದೊಡ್ಡ ಪೈಪಿಗೆ ಕವಲೊಡೆಯುವ ಟೀ ತುಂಡು ಜೋಡಿಸಿ, ವಿರೂಪಣ್ಣನ ಕಂಪೌಂಡಿನ ಉದ್ದಕ್ಕೂ ಕ್ಲ್ಯಾಂಪು ಹೊಡೆದು, ಒಳಗೆ ಗಾಳಿ ಹಿಡಿಯದಂತೆ ಸ್ವಲ್ಪ ಇಳಿಜಾರು ಕೊಟ್ಟು, ಜೋಡಣೆಗಳಿಗೆ ಸೆಣಬು ಸುತ್ತಿ, ನೀರು ಸೋರದಂತೆ ಸಫೇದಾ ಬಣ್ಣ ಹಚ್ಚಿ, ಪಾನಾದಿಂದ ತಿರುಗಿಸಿ ಬಿಗಿದು, ಕೊನೆಯ ಮನೆಯ ಬಚ್ಚಲಿಗೆ ಮುಟ್ಟಿಸಿದೆ. ಆ ಕಂಪೌಂಡಿಗೆ ಹತ್ತಿಕೊಂಡು, ಮಂದಿ ಸಂಜೆ ಕೂತು ಹರಟುವ ಉದ್ದನೆಯ ಕಲ್ಲುಕಟ್ಟೆ ಇದೆ. ಪೈಪು ಕಟ್ಟೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಹಾಯ್ದಿತ್ತು. ನಡುವೆ ಒಂದೇ ತಿರುವು. ನಳ ಬಿಟ್ಟರೆ ನೀರು ಧಾರಾಳವಾಗಿ ಬಂತು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಇನ್ನು ಪೈಪಿಗೆ ಉಡಿಸಬೇಕಿತ್ತು, ಬಟ್ಟೆ ಇರಲಿಲ್ಲ.

ಓಣಿಯವರು ಕೊಡಲು ತಯಾರಿದ್ದರು. ಸಾಂವಕ್ಕ ಹೋಗಿ ಕೇಳಿದ್ದಕ್ಕೆ ಕಾಶವ್ವ ಬಾಗಿಲಲ್ಲೇ ನಿಂತು ಬೇಡವೆಂದಳು. “ಮಂದಿ ಉಟ್ಟ ಬಿಟ್ಟದ್ದು ನಮ್ಮ ಮನಿಗೆ ಬ್ಯಾಡವಾ,” ಎಂದಳಂತೆ. “ನಾವು ದುಡದ ತಿನ್ನಾಕ ಬಂದೀವಿ, ಬೇಡಿ ಉಡಾಕಲ್ಲ.” ಹಾಗೆಂದು ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ತಾನೇ ಎರಡೆರಡು ಹೊಸ ಸೀರೆ ಒಂದರ ಮೇಲೊಂದು ಉಟ್ಟು ಮನೆಗೆಲಸ ಮಾಡಿದಳು. ಅಂದಾನಪ್ಪ ಎರಡು ಅಂಗಿ ತೊಟ್ಟು ಅಂಗಡಿಯಲ್ಲಿ ಕೂತು ಬೆವತ. ಭರಮನನ್ನು ಕೇಳೋಣವೆಂದರೆ ಅವನ ಮೈಮೇಲೆ ಆಗಲೇ ಬೇರೆಯವರ ಬಟ್ಟೆ ಇದ್ದವು. ಅವಸರದಲ್ಲಿ ಮಾಡಿದ ಹಳೆ ಬಟ್ಟೆ ಪೈಪಿನ ಒಂದು ಮಾರು ಉದ್ದಕ್ಕೂ ಸಾಲಲಿಲ್ಲ. ಚಳಿ ಬಂದೇ ಬಿಟ್ಟಿತು.

ಒಂದು ಬೆಳಿಗ್ಗೆ ಸುಲೋಚನಾ ತಣ್ಣೀರಿನಲ್ಲಿ ಕಾಲು ತೊಳೆದುಕೊಂಡು, ನಡುಗುವುದು ಅತ್ತೆಗೆ ಕಾಣದಿರಲೆಂದು ಗೋಡೆಯ ಕಡೆ ತಿರುಗಿ ನಿಂತಿದ್ದಳಂತೆ. ಕಾಶವ್ವ ನೋಡಿದಳು. ಅಂದು ಸಂಜೆ ಮೊದಲ ಸಲ ನಮ್ಮ ಮನೆಗೆ ಬಂದಳು. ಕೂಡು ಎಂದರೂ ಕೂಡಲಿಲ್ಲ. “ಕೊಡಾವ್ರು ಕೊಡ್ಲಿ, ತಿರಕಪ್ಪಣ್ಣ. ನನಗ ಮಾತ್ರ ತೋರಸಬ್ಯಾಡ್ರಿ,” ಎಂದು ಹೇಳಿ, ಸಾಂವಕ್ಕ ತಂದ ನೀರನ್ನೂ ಕುಡಿಯದೆ ಹೋದಳು.

ಓಣಿಯವರಿಗೆ ಸುದ್ದಿ ಮುಟ್ಟಿಸಿದ್ದೇ ತಡ, ಬಟ್ಟೆ ಬರತೊಡಗಿದವು. ಪದ್ಮಾ ಟೀಚರ ಸೀರೆಗಳು, ವಿರೂಪಣ್ಣನ ಖಾಕಿ ಪ್ಯಾಂಟುಗಳು, ಯಾರದೋ ಅಜ್ಜಿಯ ಕುಬಸ, ಎಲ್ಲ ಅಚ್ಚುಕಟ್ಟಾಗಿ ಮಡಿಚಿಟ್ಟಿದ್ದವು. ಆ ವಾರ ನನಗೆ ನೆಗಡಿಯಾಗಿ ಮೂಗು ಪೂರಾ ಕಟ್ಟಿತ್ತು. ಕಣ್ಣಲ್ಲಿ ನೀರು ಒರೆಸಿಕೊಳ್ಳುತ್ತ ಪಟ್ಟಿ ಹರಿದೆ, ಸುತ್ತಿದೆ. ಸಾಂವಕ್ಕ ಎಂದಿಲ್ಲದ ಹಾಗೆ ಸುಮ್ಮನೆ ತಲೆ ತಗ್ಗಿಸಿ ಹೊಲಿದಳು. ಹೊಸದಾಗಿ ಉಡಿಸಿದ ಪೈಪು ಬಿಸಿ ಹಿಡಿಯಲು ಒಂದೆರಡು ದಿನ ಬೇಕು. ಅದಕ್ಕೆ ಗೋಣಿತಟ್ಟು, ಡಾಂಬರು ಆಮೇಲೆ ನೋಡೋಣವೆಂದು ಬಿಟ್ಟೆ. ಎರಡು ದಿನ ಹೋಯಿತು, ನೀರು ತಣ್ಣಗೇ ಇತ್ತು. ಚಳಿ ಜಾಸ್ತಿ, ಅದಕ್ಕೇ ತಡವಾಗಿದೆ ಎಂದು ಕಾಶವ್ವನಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಅದರ ಮರುದಿನ ಮಧ್ಯಾಹ್ನ ಸುಲೋಚನಾಗೆ ನೋವು ಶುರುವಾಯಿತು. ಖಾತೂನಬಿ ಬಂದವಳು ಮೊದಲು ಬಚ್ಚಲಿಗೆ ಹೋಗಿ ನಳದ ಕೆಳಗೆ ಕೈ ಹಿಡಿದಳು. ಕೈ ಒರೆಸಿಕೊಂಡು ಹೊರಗೆ ಬಂದು, ಇನ್ನೂ ಹೊತ್ತಿದೆ, ಸಂಜೆಯ ಬಸ್ಸಿಗೆ ತಯಾರಾಗಿರಿ ಎಂದು ಮೆತ್ತಗೆ ಹೇಳಿದಳು. ಕಾಶವ್ವ ನನ್ನನ್ನು ಒಮ್ಮೆ ನೋಡಿದಳು.

ನಾನು ಓಡಿಹೋಗಿ ಪೈಪಿನ ಒಂದು ಜೋಡಣೆಯ ಹತ್ತಿರ ಹೊಲಿಗೆ ಬಿಚ್ಚಿದೆ. ಅಂದು ಮೂಗು ಸ್ವಲ್ಪ ತೆರೆದಿತ್ತು. ಪಟ್ಟಿಯನ್ನು ಮೂಸಿದೆ. ಅಂಟವಾಳ. ಇನ್ನೊಂದು ಮೂಸಿದೆ, ಗಂಜಿ. ಮೂರನೆಯದಕ್ಕೆ ನೀಲಿ ಹಾಕಿ ಇಸ್ತ್ರಿಯನ್ನೂ ಮಾಡಿದ್ದರು.

ಮನೆ ಮನೆಗೆ ಹೋಗಿ ಕೇಳಿದೆ. ಮೊದಲು ಯಾರೂ ಒಪ್ಪಲಿಲ್ಲ. ನಾವು ಈ ಊರಲ್ಲಿ ಹುಟ್ಟಿದವರು, ನಮಗೆ ಗೊತ್ತಿಲ್ಲವೇ ಎಂದು ನನ್ನ ಮೇಲೇ ಬಂದರು. ನಾನು ಬಿಡಲಿಲ್ಲ, ಸುಳ್ಳು ಹೇಳುತ್ತೀರಿ ಎಂದು ಬಾಗಿಲಲ್ಲಿ ನಿಂತು ಕೂಗಾಡಿದೆ. ಆಗ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮಾನದ ಹೆಂಗಸು, ಮೊದಲೇ ಮನಸ್ಸಿಲ್ಲದೆ ಒಪ್ಪಿದ್ದಾಳೆ, ಅವಳ ಮನೆಗೆ ಬೆವರಿನ ಕಲೆ ಇದ್ದ ಬಟ್ಟೆ ಹೇಗೆ ಕೊಡುವುದು ಎಂದು ವಿರೂಪಣ್ಣ ಒಂದೇ ಒಂದು ಸಲ ನೀರಲ್ಲಿ ಜಾಲಿಸಿದ್ದನಂತೆ. ಉಳಿದವರೆಲ್ಲ ಒಗೆಯದೇ ಕೊಡುತ್ತಾರೆ, ನನ್ನದೊಂದರಿಂದ ಏನಾಗುತ್ತದೆ ಎಂದು ಪದ್ಮಾ ಟೀಚರು ಇಸ್ತ್ರಿಯವನಿಗೆ ಕೊಟ್ಟಿದ್ದರಂತೆ. ಓಣಿಯ ಅಷ್ಟೂ ಮನೆಯವರು ಅದನ್ನೇ ಯೋಚಿಸಿ, ಅದನ್ನೇ ಮಾಡಿ, ಒಬ್ಬರಿಗೊಬ್ಬರು ಹೇಳದೆ ಮುಚ್ಚಿಟ್ಟಿದ್ದರು. ಕಡೆಗೆ ನಮ್ಮ ಮನೆಗೆ ಬಂದೆ. ಸಾಂವಕ್ಕ ನನ್ನ ಮುಖ ನೋಡಲಿಲ್ಲ.

“ನೀನೂನಾ?” ಎಂದೆ.

“ನನ್ನ ಸೀರಿ ಅಂಚಿಗೆ ಎಣ್ಣಿ ಜಿಡ್ಡ ಇತ್ತು,” ಎಂದಳು. “ಆಕಿ ನೋಡಿದ್ರ ಏನ ಅನ್ಕೋತಿದ್ಲು?”

ಪೈಪಿಗೆ ಉಡಿಸುವವನ ಹೆಂಡತಿ. ಇನ್ನು ಯಾರಿಗೆ ಬೈಯುವುದು? ನಮ್ಮ ನಮ್ಮ ಮನೆಯ ಪೈಪಿಂದ ಬಿಚ್ಚಿ ತರೋಣವೆಂದರೆ, ಡಾಂಬರಿನ ಕೆಳಗೆ ವರ್ಷಗಟ್ಟಲೆ ಇದ್ದ ಬಟ್ಟೆ ಕೈ ಹಚ್ಚಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ನಾನು ಹೋಗಿ ವಿರೂಪಣ್ಣನ ಕಂಪೌಂಡಿನ ಕಟ್ಟೆಯ ಮೇಲೆ, ಆ ಕೆಲಸಕ್ಕೆ ಬಾರದ ಪೈಪಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಸಾಂವಕ್ಕ ಬಂದಳು. ಜಗಳ ಮುಂದುವರಿಸಲು ಬಂದಿದ್ದಳೋ ಏನೋ, ನನ್ನನ್ನು ನೋಡಿ ಸುಮ್ಮನೆ ಪಕ್ಕದಲ್ಲಿ ಕೂತಳು. ಒಳಗಿಂದ ಸುಲೋಚನಾ ನರಳುವುದು ಕೇಳುತ್ತಿತ್ತು.

ಕೂತಲ್ಲೇ ನನ್ನ ಬೆನ್ನು ಬೆಚ್ಚಗಾಯಿತು. ಬಿಸಿಲು ಎಂದುಕೊಂಡೆ, ಅಲ್ಲಿ ಬಿಸಿಲಿರಲಿಲ್ಲ. ತಿರುಗಿ ಪೈಪಿಗೆ ಕೈ ಇಟ್ಟೆ. ನನ್ನ ಬೆನ್ನಿನ ಹಿಂದೆ, ಸಾಂವಕ್ಕನ ಬೆನ್ನಿನ ಹಿಂದೆ ಪೈಪು ಬಿಸಿಯಾಗಿತ್ತು. ಅವಳನ್ನು ದಾಟಿ ಒಂದು ಗೇಣು ಆಚೆ ಮುಟ್ಟಿದರೆ ತಣ್ಣಗೆ. ನಾವು ತೊಟ್ಟಿದ್ದು ಹಿಂದಿನ ದಿನ ಒಗೆದ ಬಟ್ಟೆಯೇ. ಆದರೆ ಅದರೊಳಗೆ ನಾವಿದ್ದೆವು. ನಾನು ಎದ್ದು ನೋಡಿದೆ, ತಣ್ಣಗಾಯಿತು. ಕೂತೆ, ಮತ್ತೆ ಬಿಸಿಯಾಯಿತು. ಇಷ್ಟು ವರ್ಷ ಕಸುಬು ಮಾಡಿದವನಿಗೆ ಇದು ಗೊತ್ತಿರಲಿಲ್ಲ.

ಬಸ್ಸಿನ ಸಪ್ಪಳ ಕೇಳುತ್ತದೇನೋ ಎಂದು ನೋಡಲು ಕಾಶವ್ವ ಹೊರಗೆ ಬಂದಿದ್ದಳು. ಅವಳನ್ನು ಕರೆದು ಪೈಪು ಮುಟ್ಟಿಸಿದೆ. ಅವಳು ನಮ್ಮಿಬ್ಬರ ಬೆನ್ನ ಹಿಂದೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ಓಣಿಯ ಬಾಯಿಂದ ನಿನ್ನ ಬಚ್ಚಲಿನ ಗೋಡೆಯವರೆಗೆ ಹೀಗೆ ಮಂದಿ ಸಾಲಾಗಿ ಕೂತರೆ ನೀರು ಬಿಸಿ ಬರುತ್ತದೆ, ಆದರೆ ನಾನು ಈಗಷ್ಟೇ ಓಣಿಗೆ ಓಣಿಯನ್ನೇ ಸುಳ್ಳರು ಎಂದು ಬೈದು ಬಂದಿದ್ದೇನೆ, ನಾನು ಕರೆದರೆ ಕಸಬರಿಗೆ ಹಿಡಿದುಕೊಂಡು ಬರುತ್ತಾರೆ ಎಂದೆ. ಅವಳು ಪೈಪಿನ ಉದ್ದ ಕಣ್ಣಲ್ಲೇ ಅಳೆದಳು. ಒಳಗೆ ಹೋದಳು. ದವಾಖಾನೆಗೆ ಗಂಟು ಕಟ್ಟಲು ಹೋದಳೆಂದು ನಾನು ತಿಳಿದೆ. ನನಗೆ ಬಹಳ ಸಂಕಟವಾಯಿತು.

ಆದರೆ ಕಾಶವ್ವ ಹೊರಗೆ ಬಂದಾಗ ಅವಳ ಕೈಯಲ್ಲಿ ಹೊಸ ಸ್ಟೀಲಿನ ತಾಟಿತ್ತು. ತಾಟಿನ ತುಂಬ ಅಂದಾನಪ್ಪನ ಅಂಗಡಿಯ ಎಲೆ ಅಡಿಕೆ. ತಲೆ ಬಾಚಿ, ಸೆರಗು ಹೊದ್ದು, ಮದುವೆಗೆ ಕರೆಯಲು ಹೊರಟವರಂತೆ ಹೊರಟಿದ್ದಳು. ನೇರವಾಗಿ ವಿರೂಪಣ್ಣನ ಬಾಗಿಲಿಗೆ ಹೋದಳು.

“ನಮ್ಮ ಮನ್ಯಾಗ ಕಾರ್ಯ ಐತ್ರಿ,” ಎಂದು ಎಲೆ ಅಡಿಕೆ ಕೊಟ್ಟಳು. “ಮನಿಮಂದೆಲ್ಲಾ ಬಂದು ಕಟ್ಟಿ ಮ್ಯಾಲ ಕೂಡಬೇಕು.”

ಎಲೆ ಅಡಿಕೆ ಕೊಟ್ಟು ಕರೆದರೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ವಿರೂಪಣ್ಣ ಎರಡೂ ಕೈಯಿಂದ ತೆಗೆದುಕೊಂಡ. ಅವಳು ಮುಂದಿನ ಮನೆಗೆ ಹೋದಳು, ಅದರ ಮುಂದಿನ ಮನೆಗೆ ಹೋದಳು. ಎಲ್ಲೂ ಸಹಾಯ ಎಂಬ ಮಾತು ಎತ್ತಲಿಲ್ಲ, ಕಾರ್ಯ ಎಂದೇ ಹೇಳಿದಳು. ಈ ಊರಿಗೆ ಬಂದ ಮೇಲೆ ಅವಳು ಬೇರೆಯವರ ಹೊಸ್ತಿಲ ಮುಂದೆ ಅಷ್ಟು ಸಲೀಸಾಗಿ ನಿಂತದ್ದು ನಾನು ನೋಡಿದ್ದು ಅದೇ ಮೊದಲು. ಆಗ ಇನ್ನೊಂದು ತೊಡಕಾಯಿತು. ಕಾರ್ಯವೆಂದ ಮೇಲೆ ಮಂದಿ ಒಳ್ಳೆಯ ಬಟ್ಟೆ ಹುಡುಕಲು ಹೊರಟರು. ಪದ್ಮಾ ಟೀಚರು ರೇಷ್ಮೆ ಸೀರೆ ತೆಗೆಯಲು ಟ್ರಂಕಿನ ಬೀಗಕ್ಕೆ ಕೈ ಹಾಕಿದ್ದು ಕಿಟಕಿಯಿಂದ ಕಾಣುತ್ತಿತ್ತು. ಕಟ್ಟೆಯಿಂದ ಏಳುವಂತಿಲ್ಲದೆ ನಾನು ಅಲ್ಲಿಂದಲೇ, ಈಗಷ್ಟೇ ಉಟ್ಟ ಟ್ರಂಕಿನ ಬಟ್ಟೆಗೆ ಬಿಸಿ ಉಳಿಯುವುದಿಲ್ಲ ಎಂದು ಚೀರಿದೆ, ನನ್ನ ಮಾತು ಯಾರು ಕೇಳುತ್ತಾರೆ?

ಕಾಶವ್ವ ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. “ಯಾರೂ ಬಟ್ಟಿ ಬದಲಸಬ್ಯಾಡ್ರಿ. ಉಟ್ಟದ್ದರಾಗ ಬರ್ರಿ. ಕಲಿ ಇದ್ರೂ ನಡೀತೈತಿ, ಉಟ್ಟದ್ದರಾಗ ಬರ್ರಿ.”

ಬಂದರು. ಹಿಟ್ಟಿನ ಕೈಯವರು ಹಿಟ್ಟಿನ ಕೈಯಲ್ಲೇ ಬಂದರು. ವಿರೂಪಣ್ಣ ಬನಿಯನ್ನಿನಲ್ಲಿ, ಅವನ ಹೆಂಡತಿ ಒಲೆಯ ಮಸಿಯ ಸೀರೆಯಲ್ಲಿ, ಪದ್ಮಾ ಟೀಚರು ಸೀಮೆಸುಣ್ಣದ ಪುಡಿ ಮೆತ್ತಿದ ಸೆರಗಿನಲ್ಲಿ ಸಾಲಾಗಿ ಕೂತು ಪೈಪಿಗೆ ಬೆನ್ನು ಕೊಟ್ಟರು. ನನ್ನನ್ನು ದಾಟಿ ಹೋಗುವಾಗ ಒಬ್ಬಿಬ್ಬರು ಕೆಕ್ಕರಿಸಿ ನೋಡಿದರು, ಅಷ್ಟೇ. ಭರಮ ಬಂದಾಗ ಅವನನ್ನು ತಿರುವಿನಲ್ಲಿ ಕೂಡಿಸಿದೆ. ಅವನು ಪೈಪಿನ ಮೊಣಕೈಯನ್ನು ತೊಟ್ಟ ಮೂರೂ ಅಂಗಿ ಸಮೇತ ತಬ್ಬಿಕೊಂಡ. ಅಂದಾನಪ್ಪ ಅಂಗಡಿ ಮುಚ್ಚಿ ಓಡಿಬಂದು ಕೂತ. ಎಲೆ ಅಡಿಕೆ ಜಗಿಯುತ್ತ ಮಂದಿ ಮಾತಿಗೆ ಹತ್ತಿದರು, ಯಾರದೋ ಎಮ್ಮೆ, ಯಾರದೋ ಮೊಣಕಾಲು ನೋವು. ಪೈಪು ಬೆನ್ನಿನಿಂದ ಬೆನ್ನಿಗೆ ಬಿಸಿಯಾಗುತ್ತ ಬಂತು. ಆದರೆ ಕೊನೆಯಲ್ಲಿ, ಕಾಶವ್ವನ ಬಚ್ಚಲಿನ ಗೋಡೆಗಿಂತ ಮುಂಚೆ, ಐದಾರು ಜನ ಕೂಡುವಷ್ಟು ಪೈಪು ಖಾಲಿ ಉಳಿಯಿತು. ಓಣಿಯಲ್ಲಿ ಇನ್ನು ಯಾರೂ ಇರಲಿಲ್ಲ. ಒಳಗೆ ನಳ ಬಿಟ್ಟರೆ ನೀರು ಉಗುರುಬೆಚ್ಚಗೆ ಬರುತ್ತಿತ್ತು, ಖಾತೂನಬಿ ತಲೆ ಅಲ್ಲಾಡಿಸಿದಳು.

ಅಷ್ಟರಲ್ಲಿ ಸಂಜೆಯ ಬಸ್ಸು ಬಂದು ಓಣಿಯ ಬಾಯಲ್ಲಿ ನಿಂತು ಹಾರ್ನು ಹೊಡೆಯಿತು. ಖಾತೂನಬಿ ಸುಲೋಚನಾಳ ಹೊದಿಕೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಕಾಶವ್ವ ಅವಳನ್ನು ನೋಡಿದಳು, ಬಸ್ಸನ್ನು ನೋಡಿದಳು, ತಾಟಿನಲ್ಲಿ ಉಳಿದ ಎಲೆಗಳನ್ನು ನೋಡಿದಳು. ತಾಟು ಹಿಡಿದುಕೊಂಡು ಬಸ್ಸಿನ ಕಡೆಗೇ ನಡೆದಳು. ಮೆಟ್ಟಿಲು ಹತ್ತಿ ಮೊದಲು ಡ್ರೈವರನಿಗೆ, ಆಮೇಲೆ ಕಂಡಕ್ಟರನಿಗೆ, ಆಮೇಲೆ ಒಳಗಿದ್ದ ಪ್ರಯಾಣಿಕರಿಗೆ ಒಬ್ಬೊಬ್ಬರಿಗೆ ಎಲೆ ಅಡಿಕೆ ಕೊಟ್ಟಳು. ಏನು ಹೇಳಿದಳೋ ನಮಗೆ ಕೇಳಿಸಲಿಲ್ಲ. ಎಂಜಿನ್ ಬಂದ್ ಆಯಿತು. ಎಲ್ಲಿಯವರೋ ಏನೋ, ನಮ್ಮ ಊರಿನ ಕಟ್ಟಳೆಯ ಗಂಧವೂ ಇಲ್ಲದ ಮಂದಿ, ಕೈಯಲ್ಲಿ ಎಲೆ ಹಿಡಿದುಕೊಂಡು ಸಾಲಾಗಿ ಇಳಿದು ಬಂದು ಖಾಲಿ ಜಾಗದಲ್ಲಿ ಕೂತರು. ದಿನವಿಡೀ ಪ್ರಯಾಣ ಮಾಡಿದ ಬಟ್ಟೆ, ಧೂಳು, ಬೆವರು. ಅಂಥ ಬಟ್ಟೆ ನಾನು ಜೀವಮಾನದಲ್ಲಿ ಪೈಪಿಗೆ ಉಡಿಸಿಲ್ಲ.

ಒಳಗೆ ನಳದ ಸದ್ದು ಬಂತು. ನಾವೆಲ್ಲ ಕಿವಿಗೊಟ್ಟೆವು. ಖಾತೂನಬಿ ಹೊದಿಕೆಯನ್ನು ಮಡಿಚಿಟ್ಟು, ತೋಳು ಏರಿಸಿಕೊಂಡು, ಹಂಡೆ ತನ್ನಿ ಎಂದು ಕೂಗಿದಳು. ಬಚ್ಚಲಿನ ಕಿಟಕಿಯಿಂದ ಹಬೆ ಹೊರಗೆ ಬರತೊಡಗಿತು. ಪದ್ಮಾ ಟೀಚರು ಕಣ್ಣೊರೆಸಿಕೊಂಡರು. ಸಾಂವಕ್ಕ ನನ್ನ ಕೈ ಹಿಡಿದುಕೊಂಡಳು, ಮಂದಿಯ ಮುಂದೆ, ಬಿಡಿಸಿಕೊಳ್ಳುವ ಮನಸ್ಸು ನನಗೂ ಆಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತಿತು. ನಾವು ಕೂತಲ್ಲಿಂದ ಅಲ್ಲಾಡಲಿಲ್ಲ. ಬಚ್ಚಲಿನಲ್ಲಿ ಮಣೆ ಎಳೆದ ಸದ್ದು, ತಂಬಿಗೆ ಹಂಡೆಗೆ ತಾಗಿದ ಸದ್ದು, ಆಮೇಲೆ ನೀರು ಬೀಳುವ ಸದ್ದು. ಕೂಸು ಇನ್ನೊಂದು ಸಲ ಜೋರಾಗಿ ಚೀರಿ, ಬಿಸಿನೀರು ಮೈಗೆ ಹತ್ತಿದ ಮೇಲೆ ಸುಮ್ಮನಾಯಿತು. ಕಾಶವ್ವ ಅದರೊಂದಿಗೆ ಏನೋ ಮಾತಾಡುತ್ತ ತಂಬಿಗೆಯ ಮೇಲೆ ತಂಬಿಗೆ ಹಾಕುತ್ತಿದ್ದಳು. ಅವಳ ದನಿ ಅಷ್ಟು ಮೆತ್ತಗಿರಬಹುದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಬಹಳ ಸಂತೋಷವಾಗಿತ್ತು. ಭರಮ ತಿರುವಿನಲ್ಲಿ ಪೈಪು ತಬ್ಬಿಕೊಂಡೇ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ನೀರಿನ ಸದ್ದು ನಿಂತಿತು. ಕೆಲಸ ಮುಗಿಯಿತೆಂದು ಮಂದಿ ಸೊಂಟ ಹಿಡಿದುಕೊಂಡು ಏಳತೊಡಗಿದರು. ಬಸ್ಸಿನವರು ಹೊತ್ತಾಯಿತೆಂದರು, ಡ್ರೈವರು ಪ್ಯಾಂಟು ಕೊಡವಿಕೊಂಡ. ಆಗ ಕಾಶವ್ವ ಬಾಗಿಲಿಗೆ ಬಂದಳು. ಸೀರೆ ಮೊಣಕಾಲಿಗೆ ಸಿಕ್ಕಿಸಿದ್ದಳು, ಎರಡೂ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ಕೆಂಪಾಗಿತ್ತು. ಗಂಡೋ ಹೆಣ್ಣೋ ಹೇಳುತ್ತಾಳೆಂದು ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಓಣಿಯ ಬಾಯಿಂದ ತನ್ನ ಬಾಗಿಲವರೆಗೆ ಸಾಲನ್ನು ಒಮ್ಮೆ ನೋಡಿದಳು, ಎದ್ದು ನಿಂತವರನ್ನು ನೋಡಿದಳು.

“ಏ, ಯಾರೂ ಏಳಬ್ಯಾಡ್ರಿ,” ಎಂದಳು. “ಇನ್ನ ಬಾಣಂತಿಗೆ ನೀರ ಹಾಕೂದೈತಿ.”

ನಾವೆಲ್ಲ ಮತ್ತೆ ಕೂತೆವು. ಡ್ರೈವರೂ ಕೂತ.